ಮೈಸೂರು ಅಗ್ಗ ಅಂತೀರಲ್ಲ, ಯಾರಿಗೆ?



ಒಂದು ವಾರದಿಂದ ನಮ್ಮ ಆಫೀಸಿನ ವಾಟ್ಸಾಪ್ ಗ್ರೂಪಿನಲ್ಲಿ ಒಂದೇ ಚರ್ಚೆ. ಯಾರೋ ಒಬ್ಬರು ಒಂದು ಪಟ್ಟಿ ಹಾಕಿದ್ರು. ಬೆಂಗಳೂರಿನಲ್ಲಿ ಬಾಡಿಗೆ ಎಷ್ಟು, ಮೈಸೂರಿನಲ್ಲಿ ಎಷ್ಟು. ಅಲ್ಲಿ ಟ್ರಾಫಿಕ್ಕು, ಇಲ್ಲಿ ಮರಗಿಡ. ಅಲ್ಲಿ ಹೊಗೆ, ಇಲ್ಲಿ ಚಾಮುಂಡಿ ಬೆಟ್ಟದ ಗಾಳಿ. ಕೊನೆಗೆ ಒಂದು ತೀರ್ಪು: ಕಡಿಮೆ ಖರ್ಚಿನಲ್ಲಿ ನೆಮ್ಮದಿಯಾಗಿ ಬದುಕಬೇಕು ಅಂದ್ರೆ ಮೈಸೂರೇ ಸರಿ. ಅದಕ್ಕೆ ಇಪ್ಪತ್ತು ಮೂವತ್ತು ಹೆಬ್ಬೆಟ್ಟು, ಕೈ ಮುಗಿಯೋ ಚಿತ್ರಗಳು. ನಾನೂ ಇದೇ ಊರಿನಲ್ಲಿ ಇಪ್ಪತ್ತು ವರ್ಷದಿಂದ ಗುಮಾಸ್ತಿಕೆ ಮಾಡ್ಕೊಂಡು ಬದುಕ್ತಾ ಇದೀನಿ. ನನಗೂ ಈ ಊರು ಇಷ್ಟವೇ. ಆದ್ರೆ ಆ ಪಟ್ಟಿಯಲ್ಲಿ ಒಂದು ಕಾಲಂ ಬಿಟ್ಟುಹೋಗಿದೆ. ಅದನ್ನ ತುಂಬೋಣ ಅಂತ ಬರೀತಿದೀನಿ. ಸ್ವಲ್ಪ ಉದ್ದ ಆಗುತ್ತೆ, ಓದಿ.

ಮೊದಲು ನಿಜ ಇರೋದನ್ನ ಒಪ್ಕೊಳ್ಳೋಣ. ಈ ಊರು ನಮ್ಮಂಥೋರನ್ನ ಒಂದಷ್ಟು ಕಾಪಾಡಿದೆ. ನಮ್ಮವ್ವನಿಗೆ ಉಸಿರಾಟದ ತೊಂದರೆ ಬಂದಾಗ ಹೋಗಿದ್ದು ದೊಡ್ಡಾಸ್ಪತ್ರೆಗೆ, ಅಂದ್ರೆ ಕೆ.ಆರ್. ಆಸ್ಪತ್ರೆಗೆ. ನಾನು ಬಿಎ ಮುಗಿಸಿದ್ದು ಸರ್ಕಾರಿ ಹಾಸ್ಟೆಲಿನ ಅನ್ನ ತಿಂದು. ನನ್ನ ಹೆಂಡತಿ 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಟಿಕೆಟ್ ದುಡ್ಡಿಲ್ಲದೆ ಸಿಟಿ ಬಸ್ಸಲ್ಲಿ ಕೆಲಸಕ್ಕೆ ಹೋಗ್ತಾಳೆ. ರೇಷನ್ ಅಂಗಡಿ ಅಕ್ಕಿ ಇದೆ, ಗೃಹಜ್ಯೋತಿಯ ಸೊನ್ನೆ ಬಿಲ್ಲು ಇದೆ. ಈ ಪಟ್ಟಿಯನ್ನ ಸರಿಯಾಗಿ ನೋಡಿ. ಮೈಸೂರು ನನಗೆ ಎಲ್ಲೆಲ್ಲಿ ಅಗ್ಗವಾಗಿದೆಯೋ ಅಲ್ಲೆಲ್ಲ ಇರೋದು ಸರ್ಕಾರದ ಆಸ್ಪತ್ರೆ, ಸರ್ಕಾರದ ಹಾಸ್ಟೆಲ್ಲು, ಸರ್ಕಾರದ ಬಸ್ಸು. ಗಾಳಿ, ಮರ, ಅರಮನೆ ಯಾವುದೂ ನನ್ನ ಖರ್ಚು ಕಡಿಮೆ ಮಾಡಿಲ್ಲ. "ಬಿಟ್ಟಿ ಭಾಗ್ಯ" ಅಂತ ಇವನ್ನ ಆಡ್ಕೊಳ್ಳೋರೇ "ಮೈಸೂರು ಅಗ್ಗ" ಅಂತಲೂ ಬರೀತಾರೆ. ಎರಡರ ನಡುವಿನ ಸಂಬಂಧ ಅವರಿಗೆ ಕಾಣೋದಿಲ್ಲ.

ಈಗ ನನ್ನ ಮನೆ ಲೆಕ್ಕ. ಮುಚ್ಚಿಡೋದೇನಿದೆ.

ನನ್ನ ಕೈಗೆ ಬರೋ ಸಂಬಳ 23,400. ಹೆಂಡತಿ ಟೈಲರಿಂಗ್ ಅಂಗಡಿಯಲ್ಲಿ ಹೊಲಿದು ತರೋದು 9,000. ಒಟ್ಟು 32,400. ಬಾಡಿಗೆ 9,000. ದಿನಸಿ, ತರಕಾರಿ, ಹಾಲು, ಗ್ಯಾಸು ಸೇರಿ 8,000. ಮಕ್ಕಳ ಫೀಸು, ಪುಸ್ತಕ, ಟ್ಯೂಷನ್ ತಿಂಗಳಿಗೆ ಹಂಚಿದ್ರೆ 4,200. ಅವ್ವನ ಮಾತ್ರೆ 1,500. ಸಂಘದ ಸಾಲದ ಕಂತು ಮತ್ತು ಚೀಟಿ 5,500. ಪೆಟ್ರೋಲ್ 1,600. ನೀರಿಗೆ 700. ಮಗಳು ಸಂಜೆ ಟ್ಯೂಷನ್ ಮುಗಿಸಿ ಬರೋಕೆ ಶೇರ್ ಆಟೋ 900. ಉಳಿಯೋದು ಒಂದು ಸಾವಿರ. ಆ ಸಾವಿರದಲ್ಲೇ ನೆಂಟರ ಮದುವೆ, ಊರ ಹಬ್ಬ, ಮಕ್ಕಳ ಜ್ವರ, ಚಪ್ಪಲಿ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಉಸಿರಾಡ್ತೀವಿ. 2025ರ ಜನವರಿಯಲ್ಲಿ ಬಸ್ ದರ ಶೇ. 15ರಷ್ಟು ಏರಿತು, ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಸಂಬಳ? ಅದು ಬೆಟ್ಟದ ನಂದಿ ಥರ, ಕೂತಲ್ಲೇ ಕೂತಿದೆ.

ಈ ಲೆಕ್ಕದಲ್ಲಿ ಪೆಟ್ರೋಲು, ನೀರು, ಆಟೋ ಅಂತ ಮೂರು ಬಾಬ್ತು ಇದೆಯಲ್ಲ, ಅವನ್ನ ನೆನಪಲ್ಲಿ ಇಟ್ಕೊಳ್ಳಿ. ಅವು ಹುಟ್ಟಿದ ಕಥೆ ಬೇರೆ ಇದೆ.

ನಾವು ಮನೆ ಬದಲಾಯಿಸಬೇಕಾಗಿ ಬಂದಾಗ ನನ್ನ ಆಫೀಸಿಗೂ ಮಗಳ ಕಾಲೇಜಿಗೂ ನಡೆದು ಹೋಗೋಷ್ಟು ದೂರದಲ್ಲಿ ಒಂದು ಹಳೇ ಬಡಾವಣೆಯಲ್ಲಿ ಮನೆ ನೋಡಿದ್ವಿ. ಬಾಡಿಗೆ 10,000. ಅಡ್ವಾನ್ಸ್ ಹೊಂದಿಸಿ ಇಟ್ಕೊಂಡಿದ್ವಿ. ಮನೆಯೊಡತಿ ವಯಸ್ಸಾದೋರು, ಒಳ್ಳೇ ಮಾತು, ಕಾಫಿ ಕೊಟ್ರು. "ನಿಮ್ದು ಯಾವೂರು?" ಅಂದ್ರು, ಹೇಳ್ದೆ. "ಊರಲ್ಲಿ ಯಾವ ಬೀದಿ?" ಅಂದ್ರು, ನಕ್ಕು ಸುಮ್ಮನಾದೆ. "ಮನೆದೇವ್ರು ಯಾವ್ದಪ್ಪ?" ಅಂದ್ರು. ನನ್ನ ಹೆಂಡತಿ "ಚಿಕ್ಕಲ್ಲೂರು ಸಿದ್ದಪ್ಪಾಜಿ" ಅಂದ್ಳು. ಅಲ್ಲಿಗೆ ಕಾಫಿ ತಣ್ಣಗಾಯ್ತು. "ಮಗ ಅಮೆರಿಕದಲ್ಲಿದಾನೆ, ಅವನನ್ನ ಒಂದು ಮಾತು ಕೇಳಿ ಫೋನ್ ಮಾಡ್ತೀನಿ" ಅಂದ್ರು. ಫೋನ್ ಬರಲಿಲ್ಲ. ಟು ಲೆಟ್ ಬೋರ್ಡ್ ಮಾತ್ರ ಎರಡು ತಿಂಗಳು ಅಲ್ಲೇ ನೇತಾಡ್ತಿತ್ತು.

ಇದು ನನ್ನೊಬ್ಬನ ಕಥೆ ಅಲ್ಲ, ನಿಮಗೂ ಗೊತ್ತು. ಯಾರೂ ನೇರವಾಗಿ ಜಾತಿ ಕೇಳೋದಿಲ್ಲ. ಅದಕ್ಕೆ ಬೇರೆ ಬೇರೆ ಬಾಗಿಲು ಇದೆ. ಮನೆದೇವ್ರು, ಊರ ಬೀದಿ, ತಂದೆಯ ಹೆಸರು, ನಾನ್‌ವೆಜ್ ತಿಂತೀರಾ, ಹಬ್ಬ ಹೆಂಗ್ ಮಾಡ್ತೀರಾ, ಗೋಡೆ ಮೇಲೆ ಯಾರ ಫೋಟೋ ಹಾಕ್ತೀರಾ. ನಮಗೆ ಮನೆ ತೋರಿಸ್ತಿದ್ದ ಬ್ರೋಕರ್ ಹುಡುಗ, ಪಾಪ ಒಳ್ಳೆಯವನೇ, ನನಗೆ ಬುದ್ಧಿ ಹೇಳಿದ: "ಅಣ್ಣಾ, ಮನೆದೇವ್ರು ಕೇಳಿದ್ರೆ ಬೇರೆ ಏನಾದ್ರೂ ಹೇಳ್ಬಿಡಿ. ಒಂದು ವರ್ಷ ಆ ಬಾಬಾಸಾಹೇಬ್ರ ಫೋಟೋನ ಬೀರು ಒಳಗಡೆ ಇಟ್ಕೊಳ್ಳಿ. ಬಾಡಿಗೆ ಟೈಮಿಗೆ ಕೊಟ್ರೆ ಯಾರೂ ಏನೂ ಅನ್ನಲ್ಲ." ಇದು ಮೈಸೂರಿನ ನೆಮ್ಮದಿಯ ಬೆಲೆ. ಯಾವ ಪಟ್ಟಿಯಲ್ಲೂ ಇದು ಬರೋದಿಲ್ಲ.

ಕೊನೆಗೆ ನಮಗೆ ಮನೆ ಸಿಕ್ಕಿದ್ದು ರಿಂಗ್ ರೋಡ್ ಆಚೆ, ರಮ್ಮನಹಳ್ಳಿ ಕಡೆಯ ಒಂದು ರೆವಿನ್ಯೂ ಬಡಾವಣೆಯಲ್ಲಿ. ಕೊಟ್ಟೋರು ಒಬ್ಬ ನಿವೃತ್ತ ಮೇಷ್ಟ್ರು, ನಮ್ಮ ಜಾತಿಯೋರಲ್ಲ. ಅವರು ಕೇಳಿದ್ದು ಒಂದೇ ಪ್ರಶ್ನೆ: "ಮಕ್ಕಳು ಏನ್ ಓದ್ತಿದಾರೆ?" ಇಂಥೋರೂ ಇದಾರೆ ಅಂತ ಹೇಳಲೇಬೇಕು. ಆದ್ರೆ ಒಬ್ಬ ಒಳ್ಳೇ ಮನುಷ್ಯ ಸಿಗೋ ತನಕ ಒಂದು ಕುಟುಂಬ ನಾಲ್ಕು ತಿಂಗಳು ಅಲೆಯಬೇಕು ಅಂದ್ರೆ ಅದನ್ನ ಹಕ್ಕು ಅಂತ ಕರೆಯೋಕಾಗಲ್ಲ, ಅದೃಷ್ಟ ಅಂತಾರೆ.

ಈಗ ಆ ಮೂರು ಬಾಬ್ತಿಗೆ ಬರ್ತೀನಿ. ಆಫೀಸಿಗೆ ಹೋಗಿ ಬರೋಕೆ ದಿನಕ್ಕೆ 20 ಕಿಲೋಮೀಟರ್ ಮೇಲೆ. ಅದಕ್ಕೆ ಹೆಚ್ಚುವರಿ ಪೆಟ್ರೋಲ್ 1,200. ಬಡಾವಣೆಗೆ ಕಾವೇರಿ ನೀರಿಲ್ಲ. ಬೋರ್ ನೀರು ಗಡಸು, ಬೇಸಿಗೆಯಲ್ಲಿ ಟ್ಯಾಂಕರ್, ಕುಡಿಯೋಕೆ ಕ್ಯಾನು: 700. ಏಳು ಗಂಟೆ ಮೇಲೆ ಬಸ್ ನಂಬೋಕಾಗಲ್ಲ ಅಂತ ಮಗಳಿಗೆ ಆಟೋ: 900. ಒಟ್ಟು 2,800. ಬಾಡಿಗೆಯಲ್ಲಿ ಉಳಿದ ಒಂದು ಸಾವಿರ ಕಳೀರಿ. ತಿಂಗಳಿಗೆ 1,800, ವರ್ಷಕ್ಕೆ 21,600 ರೂಪಾಯಿ. ಹತ್ತಿರ ಹತ್ತಿರ ನನ್ನ ಒಂದು ತಿಂಗಳ ಸಂಬಳ. "ಸಿದ್ದಪ್ಪಾಜಿ" ಅನ್ನೋ ಒಂದು ಪದಕ್ಕೆ ನಾವು ಕಟ್ತಿರೋ ವಾರ್ಷಿಕ ತೆರಿಗೆ ಇದು. ಇದಕ್ಕೆ ನಾನು ಜಾತಿ ಸರ್‌ಚಾರ್ಜ್ ಅಂತ ಹೆಸರಿಟ್ಟಿದೀನಿ. ಒಂದೇ ಊರು, ಒಂದೇ ಸಂಬಳ, ಆದ್ರೂ ನನ್ನ ಪಕ್ಕದ ಟೇಬಲ್ಲಿನವನಿಗಿಂತ ನನಗೆ ಮೈಸೂರು ದುಬಾರಿ.

"ರಿಂಗ್ ರೋಡ್ ಆಚೆ ಎಲ್ಲಾ ಜಾತಿಯೋರೂ ಇದಾರೆ, ಇಲ್ಲೂ ಯಾಕ್ರೀ ಜಾತಿ ತರ್ತೀರಾ?" ಅಂತ ಯಾರಾದ್ರೂ ಕಾಮೆಂಟ್ ಹಾಕ್ತಾರೆ, ಗೊತ್ತು. ಇದಾರೆ. ನೀರಿನ ಕಷ್ಟ ಅವರಿಗೂ ಇದೆ, ಅವರ ಜೊತೆ ಸೇರಿ ಹೋರಾಡೋಕೆ ನಾವು ತಯಾರು. ಆದ್ರೆ ಅವರಲ್ಲಿ ಬಹಳ ಜನ ಸೈಟ್ ರೇಟು ನೋಡಿ ಆಚೆ ಹೋದೋರು. ನಾಳೆ ದುಡ್ಡಾದ್ರೆ ಒಳಗೆ ಬರಬಹುದು. ನನ್ನ ಹತ್ತಿರ ದುಡ್ಡು ಇತ್ತು, ಬಾಗಿಲು ತೆಗೀಲಿಲ್ಲ. ಈ ವ್ಯತ್ಯಾಸ ಅರ್ಥ ಆಗದಿದ್ರೆ ಮುಂದಿನದ್ಯಾವುದೂ ಅರ್ಥ ಆಗೋದಿಲ್ಲ.

ಕಾನೂನು ಏನು ಹೇಳುತ್ತೆ? ನಮ್ಮ ಹುಡುಗರಿಗೇ ಬಹಳ ಜನಕ್ಕೆ ಗೊತ್ತಿಲ್ಲ. ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ 1955ರ ಸೆಕ್ಷನ್ 4 ಓದಿ. ಯಾವುದೇ ಪ್ರದೇಶದಲ್ಲಿ ವಾಸದ ಮನೆ ಕಟ್ಟೋಕೆ, ಪಡೆಯೋಕೆ, ಅದರಲ್ಲಿ ಇರೋಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದ್ರೆ ಅದು ಅಪರಾಧ. ಶಿಕ್ಷೆ ಒಂದರಿಂದ ಆರು ತಿಂಗಳು ಜೈಲು, ಮೇಲೆ ದಂಡ 100ರಿಂದ 500 ರೂಪಾಯಿ. ಐನೂರು ರೂಪಾಯಿ! ಇವತ್ತು ಪೇಂಟರ್ ಒಬ್ಬ ಅರ್ಧ ದಿನಕ್ಕೂ ಆ ದುಡ್ಡಿಗೆ ಬರಲ್ಲ. ಅದಿರಲಿ, ಸಾಬೀತು ಮಾಡೋದು ಹೇಗೆ? "ಮಗನನ್ನ ಕೇಳಿ ಹೇಳ್ತೀನಿ" ಅನ್ನೋ ಮಾತಿಗೆ ಯಾವ ಪೊಲೀಸ್ ಎಫ್ಐಆರ್ ಹಾಕ್ತಾನೆ? ಸುಖದೇವ್ ಥೋರಟ್ ಮತ್ತು ಅವರ ಸಂಗಡಿಗರು ದೆಹಲಿ ಸುತ್ತಮುತ್ತಲ ಬಾಡಿಗೆ ಮನೆಗಳ ಬಗ್ಗೆ ಒಂದು ಅಧ್ಯಯನ ಮಾಡಿ 2015ರಲ್ಲಿ ಪ್ರಕಟಿಸಿದ್ರು. ದಲಿತರು ಮತ್ತು ಮುಸ್ಲಿಮರಿಗೆ ಮನೆ ಸಿಗೋದು ಎಷ್ಟು ಕಷ್ಟ ಅಂತ ಅಲ್ಲಿ ದಾಖಲಾಗಿದೆ. ನಮ್ಮ ಮೈಸೂರು, ಮಂಗಳೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲೂ ಅಂಥದ್ದೊಂದು ಲೆಕ್ಕ ನಡೀಬೇಕು. ದಾಖಲೆ ಇಲ್ಲದ ಅವಮಾನ ಸರ್ಕಾರದ ಕಡತಕ್ಕೆ ಬರೋದೇ ಇಲ್ಲ. ಇದನ್ನ ಒಬ್ಬ ಗುಮಾಸ್ತನಾಗಿ ಹೇಳ್ತಿದೀನಿ.

ಬಾಬಾಸಾಹೇಬರ ಬದುಕಲ್ಲೂ ಇದೇ ಆಯ್ತು ಅನ್ನೋದನ್ನ ನೆನಪಿಸಬೇಕಾಗಿಲ್ಲ, ಆದ್ರೂ ಹೇಳ್ತೀನಿ. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ಕೆಲಸಕ್ಕೆ ಸೇರಿದ ಮನುಷ್ಯನಿಗೆ ಆ ಊರಿನಲ್ಲಿ ಇರೋಕೆ ಮನೆ ಸಿಗಲಿಲ್ಲ. ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಬಂದು ಹೊರಗೆ ಹಾಕಿದ್ರು. ಬರೋಡಾ ಅಂದ್ರೆ ಯಾವುದೋ ಹಿಂದುಳಿದ ಪ್ರಾಂತ್ಯ ಅಲ್ಲ. ಸುಧಾರಣೆಗೆ ಹೆಸರಾದ ಸಂಸ್ಥಾನ, ನಮ್ಮ ಮೈಸೂರಿನ ಹಾಗೆಯೇ. ರಾಜರು ಸುಧಾರಕರಾಗಿದ್ದರು, ಮನೆ ಮಾಲೀಕರು ಆಗಿರಲಿಲ್ಲ. ನೂರು ವರ್ಷ ಆದ ಮೇಲೂ ನಾವು ಮಾತಾಡ್ತಿರೋದು ಇದನ್ನೇ. 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಯ ಮೇಲಿನ ವ್ಯಾಮೋಹವನ್ನ ಖಂಡಿಸಿ ಮಾತಾಡಿದ್ರು. ಅದನ್ನ ನಂಬಿ ನಮ್ಮ ಅಪ್ಪಂದಿರು ಊರು ಬಿಟ್ಟು ನಗರಕ್ಕೆ ಬಂದ್ರು. ಅಶೋಕಪುರಂನಂಥ ಕೇರಿಯಲ್ಲಿ ಓದು, ಚಳವಳಿ, ಸ್ವಾಭಿಮಾನ ಬೆಳೆದದ್ದು ನಗರ ಇದ್ದದ್ದರಿಂದ. ಬಸವಲಿಂಗಪ್ಪನವರು 1973ರ ನವೆಂಬರ್‌ನಲ್ಲಿ ಆ ಮಾತು ಆಡಿದ್ದು, ಇಡೀ ರಾಜ್ಯ ಅಲ್ಲಾಡಿದ್ದು ಇದೇ ಮೈಸೂರಿನಲ್ಲಿ. ಹಾಗಾಗಿ "ಕಷ್ಟ ಆದ್ರೆ ಊರಿಗೆ ಹೋಗ್ರಪ್ಪ" ಅನ್ನೋರಿಗೆ ನಮ್ಮ ಉತ್ತರ ಸ್ಪಷ್ಟ. ನಾವು ಹೋಗೋದಿಲ್ಲ. ಈ ನಗರದ ಅರ್ಧ ಕೆಲಸ ನಮ್ಮದು, ಬದುಕೂ ಇಲ್ಲೇ.

ಅರ್ಧ ಕೆಲಸ ಅಂದೆನಲ್ಲ, ಅದನ್ನ ನೋಡೋಣ.

2015ರಲ್ಲಿ ಕೇಂದ್ರ ಸರ್ಕಾರ 476 ನಗರಗಳ ಸ್ವಚ್ಛತಾ ಪಟ್ಟಿ ಮಾಡಿದಾಗ ಮೈಸೂರು ಮೊದಲು. 2016ರಲ್ಲಿ 73 ನಗರಗಳ ಪಟ್ಟಿಯಲ್ಲೂ ಮೊದಲು. ಊರು ಪೂರ್ತಿ ಬ್ಯಾನರ್. ಬ್ಯಾನರಲ್ಲಿ ಎಲ್ಲರ ಮುಖ ಇತ್ತು, ಪೊರಕೆ ಹಿಡಿದವರದ್ದು ಮಾತ್ರ ಹುಡುಕಬೇಕಿತ್ತು. ಬೆಳಗಿನ ಜಾವ ಐದೂವರೆಗೆ ರಸ್ತೆ ಗುಡಿಸೋ ನಮ್ಮ ಅಕ್ಕಂದಿರು, ಮ್ಯಾನ್‌ಹೋಲ್ ಪಕ್ಕ ನಿಲ್ಲೋ ನಮ್ಮ ಅಣ್ಣತಮ್ಮಂದಿರು ಗುತ್ತಿಗೆ ಸಂಬಳಕ್ಕೆ ದುಡಿದದ್ದರಿಂದ ಆ ಪ್ರಶಸ್ತಿ ಅಗ್ಗಕ್ಕೆ ಬಂತು. ಐ.ಪಿ.ಡಿ. ಸಾಲಪ್ಪ ಸಮಿತಿ 1976ರಲ್ಲೇ ವರದಿ ಕೊಟ್ಟು 500 ಜನಕ್ಕೆ ಒಬ್ಬ ಪೌರಕಾರ್ಮಿಕ ಬೇಕು ಅಂತ ಹೇಳಿತ್ತು. ಸರ್ಕಾರ ಆಮೇಲೆ ನೇಮಕಕ್ಕೆ ಹಿಡಿದದ್ದು 700ಕ್ಕೆ ಒಬ್ಬ ಅನ್ನೋ ಲೆಕ್ಕ. 2011ರ ಜನಗಣತಿ ಪ್ರಕಾರ ಮೈಸೂರು ನಗರದ ಜನಸಂಖ್ಯೆ ಸುಮಾರು 9 ಲಕ್ಷ. ಸಾಲಪ್ಪನವರ ಲೆಕ್ಕದಲ್ಲಿ 1,800 ಜನ ಬೇಕು. ಸರ್ಕಾರದ ಲೆಕ್ಕದಲ್ಲಿ 1,285 ಸಾಕು. ಐನೂರಕ್ಕೂ ಹೆಚ್ಚು ಕಾಯಂ ಕೆಲಸ ಬರೀ ಒಂದು ಭಾಗಾಕಾರದಲ್ಲಿ ಮಾಯ. ಊರು ಬೆಳೆದಂತೆ ಉಳಿದ ಕೆಲಸ ಯಾರ ಬೆನ್ನ ಮೇಲೆ ಬೀಳುತ್ತೆ? 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಪೊರಕೆ ಕೆಳಗಿಟ್ಟು ಕೂತ ಮೇಲೆ ತಾನೇ ಕಾಯಮಾತಿ ಮಾತು ಮುಂದೆ ಹೋದದ್ದು.

ಪೌರಕಾರ್ಮಿಕರದ್ದಷ್ಟೇ ಅಲ್ಲ. ಮನೆಗೆಲಸದ ಅಮ್ಮಂದಿರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿ, ಆಸ್ಪತ್ರೆಯ ವಾರ್ಡ್ ಆಯಾ, ಊಟ ತಂದುಕೊಡೋ ಹುಡುಗರು. ಮೈಸೂರಿನಲ್ಲಿ ಬದುಕು ಅಗ್ಗ ಅಂದಾಗ ಅದರ ಅರ್ಥ ಇವರ ಕೂಲಿ ಅಗ್ಗ ಅಂತ. ಹಿಂದೆ ಈ ಊರಿನಲ್ಲಿ ಐಡಿಯಲ್ ಜಾವಾ ಇತ್ತು, ಮಿಲ್ಲುಗಳಿದ್ದವು. ಬಡವರ ಮಕ್ಕಳು ಯೂನಿಫಾರಂ ಹಾಕಿ, ಪಿಎಫ್ ಕಟ್ಟಿಸ್ಕೊಂಡು, ಒಂದು ಚಿಕ್ಕ ಮನೆ ಮಾಡಿಕೊಳ್ಳೋ ಆಸೆ ಇಟ್ಕೋಬಹುದಿತ್ತು. ಜಾವಾ 1996ರಲ್ಲಿ ಮುಚ್ಚಿತು. ಮಿಲ್ಲುಗಳೂ ಹೋದವು. ಈಗ ಅವರ ಮೊಮ್ಮಕ್ಕಳು ಏಜೆನ್ಸಿ ಹೆಸರಲ್ಲಿ ಕೆಲಸ ಮಾಡ್ತಾರೆ, ಯಾವ ತಿಂಗಳು ಏಜೆನ್ಸಿ ಬದಲಾಗುತ್ತೋ ಅವರಿಗೇ ಗೊತ್ತಿಲ್ಲ. ಪಿಂಚಣಿದಾರರ ಸ್ವರ್ಗ ಅಂತ ಈ ಊರಿಗೆ ಹೆಸರು. ಪಿಂಚಣಿದಾರರ ನೆಮ್ಮದಿಗೆ ನನ್ನ ತಕರಾರಿಲ್ಲ. ಅವರ ಮನೆ ಗುಡಿಸೋರಿಗೆ ಪಿಂಚಣಿ ಯಾವಾಗ ಅಂತ ಕೇಳ್ತಿದೀನಿ.

ಇದರ ಮೇಲೆ ದಶಪಥ ರಸ್ತೆ ಬಂತು. 2023ರ ಮಾರ್ಚ್ 12ರಂದು ಉದ್ಘಾಟನೆ. ಅದೇ ವರ್ಷ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಆ ಮುಖ್ಯ ರಸ್ತೆಗೆ ಹತ್ತಂಗಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸುರಕ್ಷತೆಗೆ ಅಂದ್ರು, ಇರಲಿ. ಕಾರಿನಲ್ಲಿ ಬರೋರಿಗೆ ಬೆಂಗಳೂರು ಹತ್ತಿರ ಆಯ್ತು. ಹತ್ತಿರ ಆದಷ್ಟೂ ಇಲ್ಲಿನ ಸೈಟು ನಮ್ಮಿಂದ ದೂರ ಆಯ್ತು. ವಾರಾಂತ್ಯಕ್ಕೆ ಬಂದು ಸೈಟ್ ನೋಡಿ ಹೋಗೋರು ಹೇಳೋ ರೇಟು ಕೇಳಿದ್ರೆ ನಮ್ಮ ಚೀಟಿ ದುಡ್ಡಿಗೆ ಗೇಟೂ ಬರಲ್ಲ. 2024ರಲ್ಲಿ ಮುಡಾದ 50:50 ನಿವೇಶನಗಳ ಬಗ್ಗೆ ಇಡೀ ರಾಜ್ಯ ತಿಂಗಳುಗಟ್ಟಲೆ ಮಾತಾಡಿತು. ಯಾವ ಪಕ್ಷದವರು ತಪ್ಪು, ಯಾವ ಪಕ್ಷದವರು ಸರಿ ಅಂತ ಟಿವಿಗಳು ಅರಚಿದವು. ಮೂವತ್ತು ವರ್ಷ ಅರ್ಜಿ ಹಾಕಿ ಕಾದು 20-30ರ ಒಂದು ಸೈಟೂ ಸಿಗದ ಗುಮಾಸ್ತ, ಪೌರಕಾರ್ಮಿಕ, ಬೀಡಿ ಕಟ್ಟೋ ತಾಯಿ ಆ ಚರ್ಚೆಯಲ್ಲಿ ಎಲ್ಲಾದ್ರೂ ಕಂಡ್ರಾ?

ಕೇಳೋಕೆ ಯಾರ ಹತ್ತಿರ ಹೋಗೋಣ? ಮೈಸೂರು ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರ್‌ನಲ್ಲೇ ಮುಗೀತು. ಆಮೇಲೆ ಅಧಿಕಾರಿಗಳದ್ದೇ ಆಡಳಿತ. ಸುತ್ತ ಹೂಟಗಳ್ಳಿ ನಗರಸಭೆ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಅಂತ ಬೋರ್ಡು ಬದಲಾದವು. ನಲ್ಲಿಯಲ್ಲಿ ಬರೋ ನೀರು ಬದಲಾಗಲಿಲ್ಲ. ಮೀಸಲು ವಾರ್ಡಿನಿಂದ ಗೆದ್ದ ನಮ್ಮ ಒಬ್ಬ ಹೆಣ್ಣುಮಗಳು ಸಭೆಯಲ್ಲಿ ಎದ್ದು ನಿಂತು ಕೇಳೋ ಅವಕಾಶ ಇದೆಯಲ್ಲ, ಚುನಾವಣೆ ಮುಂದೆ ಹೋದಷ್ಟೂ ಮೊದಲು ಕಳ್ಕೊಳ್ಳೋದು ಅದನ್ನೇ.

ಬರೀ ಬೈದು ಕೂತ್ರೆ ಆಗಲ್ಲ. ನಮ್ಮ ಸಂಘಟನೆಗಳು ಏಪ್ರಿಲ್ 14ರ ಮೆರವಣಿಗೆಗೆ ತೋರಿಸೋ ಹುಮ್ಮಸ್ಸಿನಲ್ಲಿ ಕಾಲು ಭಾಗ ಈ ಕೆಳಗಿನವುಗಳಿಗೆ ಹಾಕಬೇಕು ಅನ್ನೋದು ನನ್ನ ಅಭಿಪ್ರಾಯ:

1. ಸರ್ಕಾರಿ ಬಾಡಿಗೆ ಮನೆ. ಎಲ್ಲರಿಗೂ ಸ್ವಂತ ಮನೆ ಅನ್ನೋ ಭಾಷಣ ಕೇಳಿ ಕೇಳಿ ಸಾಕಾಗಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ನಗರ 2.0ರಲ್ಲಿ ಕೈಗೆಟುಕುವ ಬಾಡಿಗೆ ಮನೆ ಅನ್ನೋ ಭಾಗವೇ ಇದೆ. ಅದನ್ನ ಊರ ಒಳಗೆ, ಬಸ್ಸು ಆಸ್ಪತ್ರೆ ಹತ್ತಿರ, ಸರ್ಕಾರದ ಖಾಲಿ ಜಾಗದಲ್ಲಿ ಕಟ್ಟಿ. ಊರಾಚೆ ಇನ್ನೊಂದು ಕೇರಿ ಮಾಡಬೇಡಿ.

2. ಅಡ್ವಾನ್ಸಿಗೆ ಮಿತಿ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಬೇಡ ಅಂತಿದೆ. ಹತ್ತು ತಿಂಗಳ ಅಡ್ವಾನ್ಸು, ಲಕ್ಷಗಟ್ಟಲೆ ಭೋಗ್ಯ ಅನ್ನೋದು ಅಪ್ಪ ಆಸ್ತಿ ಬಿಟ್ಟುಹೋದವರಿಗೆ ಮಾತ್ರ ಸಾಧ್ಯ.

3. ಜಾತಿ, ಧರ್ಮ ನೋಡಿ ಮನೆ ನಿರಾಕರಿಸೋದರ ವಿರುದ್ಧ ರಾಜ್ಯ ಒಂದು ಪ್ರತ್ಯೇಕ, ಹಲ್ಲಿರೋ ಕಾನೂನು ತರಲಿ. ಐನೂರು ರೂಪಾಯಿ ದಂಡದ ಕಾಲ ಮುಗೀಲಿ. ಅಲ್ಲಿವರೆಗೆ ನಾಗರಿಕ ಹಕ್ಕು ಜಾರಿ ನಿರ್ದೇಶನಾಲಯ ಇಂಥ ದೂರುಗಳನ್ನ ಬೇರೆಯಾಗಿ ದಾಖಲಿಸಲಿ.

4. ಪಾಲಿಕೆಯ ಶೇ. 24.10ರ ನಿಧಿ. ಅದು ಪರಿಶಿಷ್ಟರಿಗೆ ಮೀಸಲಿಟ್ಟ ದುಡ್ಡು. ಯಾವ ವಾರ್ಡಿಗೆ, ಯಾವ ಕಾಮಗಾರಿಗೆ, ಎಷ್ಟು ಹೋಯ್ತು ಅಂತ ವಾರ್ಡಿನ ಗೋಡೆ ಮೇಲೆ ಬರೆಸಬೇಕು. ಆರ್‌ಟಿಐ ಹಾಕೋಕೆ ಗೊತ್ತಿಲ್ಲದ ಹುಡುಗರು ನನಗೆ ಇನ್‌ಬಾಕ್ಸ್ ಮಾಡಿ, ಅರ್ಜಿ ಬರೆದುಕೊಡ್ತೀನಿ. ಕಡತದ ಭಾಷೆ ನನಗೆ ಚೆನ್ನಾಗಿ ಬರುತ್ತೆ.

5. ಕೆಲಸ ಮಾಡೋರ ಸಮಯಕ್ಕೆ ಬಸ್ಸು. ಬೆಳಗಿನ ಜಾವ ಐದಕ್ಕೆ ಪೌರಕಾರ್ಮಿಕರಿಗೆ, ರಾತ್ರಿ ಹತ್ತಕ್ಕೆ ಆಸ್ಪತ್ರೆ ಆಯಾಗಳಿಗೆ ಬಸ್ ಇರಬೇಕು. ಟಿಕೆಟ್ ಬಿಟ್ಟಿ ಆದ್ರೆ ಸಾಲದು, ಬಸ್ಸು ಬರಬೇಕು.

6. ಪೌರಕಾರ್ಮಿಕರು, ಒಳಚರಂಡಿ ಕಾರ್ಮಿಕರು, ಕಸದ ಗಾಡಿಯ ಡ್ರೈವರ್ ಮತ್ತು ಲೋಡರ್, ಎಲ್ಲರಿಗೂ ಕಾಯಂ ಕೆಲಸ, ಸಾಲಪ್ಪ ವರದಿಯ 500ರ ಲೆಕ್ಕದಲ್ಲಿ. ಜೊತೆಗೆ ಅವರು ಗುಡಿಸೋ ಬಡಾವಣೆಯಲ್ಲೇ ಅವರಿಗೆ ಮನೆ.

ಗುಣಮಟ್ಟದ ಬದುಕು ಅಂದ್ರೆ ಏನು ಅಂತ ನನ್ನ ಮಗಳನ್ನ ಕೇಳಿದೆ. ಪಿಯುಸಿ ಓದ್ತಾಳೆ, ನಮಗಿಂತ ಬುದ್ಧಿವಂತೆ. "ಅಪ್ಪಾ, ಫ್ರೆಂಡ್ಸ್‌ನ ಮನೆಗೆ ಕರೆದಾಗ ಬಾಬಾಸಾಹೇಬ್ರ ಫೋಟೋ ಹಾಲಲ್ಲೇ ಇರಬೇಕು, ಅಷ್ಟೇ" ಅಂದ್ಳು. ನಮ್ಮನೆಯಲ್ಲಿ ಅದು ಹಾಲಲ್ಲೇ ಇದೆ. ಎಷ್ಟೋ ಬಾಡಿಗೆ ಮನೆಗಳಲ್ಲಿ ಇನ್ನೂ ಬೀರು ಒಳಗಿದೆ. ಆ ಬೀರುಗಳ ಲೆಕ್ಕ ಸಿಗೋ ತನಕ ಯಾವ ನಗರಕ್ಕೂ ನೆಮ್ಮದಿಯ ಸರ್ಟಿಫಿಕೇಟ್ ಕೊಡೋಕೆ ನಾನು ತಯಾರಿಲ್ಲ.

ಒಂದು ಕೆಲಸ ಮಾಡೋಣ. ಕಳೆದ ಐದು ವರ್ಷದಲ್ಲಿ ಮನೆ ಹುಡುಕುವಾಗ ನಿಮ್ಮನ್ನ ಏನೇನು ಕೇಳಿದ್ರು, ಯಾವ ಬಡಾವಣೆ, ಎಷ್ಟು ಬಾಡಿಗೆ, ಏನು ನೆಪ ಹೇಳಿದ್ರು, ನಾಲ್ಕು ಸಾಲಲ್ಲಿ ಬರೆದು ನನಗೆ ಕಳಿಸಿ. ಯಾರ ಹೆಸರೂ ಬೇಡ, ನಿಮ್ಮ ಹೆಸರೂ ಬೇಡ. ಮೈಸೂರು ಮಾತ್ರ ಅಲ್ಲ, ಯಾವ ಊರಿನದ್ದಾದ್ರೂ ಸರಿ. ಮುಸ್ಲಿಂ ಗೆಳೆಯರೂ ಬರೀರಿ, ಒಂಟಿ ಹೆಣ್ಣುಮಕ್ಕಳೂ ಬರೀರಿ, ನಿಮ್ಮ ಕಥೆ ಬೇರೆ ಅಲ್ಲ. ಒಂದು ನೂರು ಬಂದ್ರೆ ಅಚ್ಚುಕಟ್ಟಾಗಿ ಟೈಪ್ ಮಾಡಿ, ನಂಬರ್ ಹಾಕಿ, ಜಿಲ್ಲಾಧಿಕಾರಿ ಕಚೇರಿಗೂ ಪಾಲಿಕೆಗೂ ಕೊಟ್ಟು ಸ್ವೀಕೃತಿ ತಗೊಳ್ಳೋ ಜವಾಬ್ದಾರಿ ನನ್ನದು. ಪಾಲಿಕೆ ಚುನಾವಣೆ ಯಾವತ್ತಾದ್ರೂ ಬಂದೇ ಬರುತ್ತೆ. ಓಟು ಕೇಳೋಕೆ ಬಂದವರ ಕೈಗೆ ಮೊದಲು ಇದನ್ನೇ ಕೊಡೋಣ.

ಜೈ ಭೀಮ್.